‘ಮ್ಯೂಸಿಕ್ ಫ್ರಮ್ ದಿ ಪೆಂಗ್ವಿನ್ ಕೆಫೆ’ (1976): ಪದೇ ಪದೇ ಕೇಳುವ ಪ್ರಶ್ನೆಗಳು

ಪೆಂಗ್ವಿನ್ ಕೆಫೆ ಆರ್ಕೆಸ್ಟ್ರಾದ ಚೊಚ್ಚಲ ಆಲ್ಬಂ ಹಚ್ಚಿಕೊಂಡವರಿಗೆ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಒಂದೆರಡು ಸಾಲು ಸಾಕು. ಇನ್ನು ಕೆಲವಕ್ಕೆ ಸಾವಧಾನವಾಗಿ ಕೂತು ಮಾತಾಡಬೇಕು.

ಇದು ಯಾರ ಆಲ್ಬಂ? ಯಾವಾಗ ಬಂತು?

ಇಂಗ್ಲೆಂಡಿನ ಪೆಂಗ್ವಿನ್ ಕೆಫೆ ಆರ್ಕೆಸ್ಟ್ರಾದ ಮೊದಲ ಆಲ್ಬಂ. ಗಿಟಾರ್ ವಾದಕ, ಸಂಯೋಜಕ ಸೈಮನ್ ಜೆಫ್ಸ್ ಮತ್ತು ಚೆಲ್ಲೊ ವಾದಕಿ ಹೆಲೆನ್ ಲೀಬ್‌ಮನ್ ಸೇರಿ ಕಟ್ಟಿದ ತಂಡ ಇದು. 1974ರಿಂದ 1976ರವರೆಗೆ ಧ್ವನಿಮುದ್ರಣ ನಡೆಯಿತು. 1976ರಲ್ಲಿ ಇಂಗ್ಲಿಷ್ ಸಂಗೀತಗಾರ ಬ್ರಯಾನ್ ಈನೊ ನಡೆಸುತ್ತಿದ್ದ ಅಬ್ಸ್ಕ್ಯೂರ್ ರೆಕಾರ್ಡ್ಸ್ ಇದನ್ನು ಹೊರತಂದಿತು. ಎರಡೂ ಬದಿ ಸೇರಿ ಸುಮಾರು 45 ನಿಮಿಷ.

ಹೆಸರಿನಲ್ಲಿ ಆರ್ಕೆಸ್ಟ್ರಾ ಇದೆ, ಕೇಳಿದರೆ ನಾಲ್ಕೈದು ವಾದ್ಯ ಮಾತ್ರ. ಯಾಕೆ?

ಹೆಸರು ದೊಡ್ಡದು, ತಂಡ ಚಿಕ್ಕದು. ಈ ಆಲ್ಬಮ್ಮಿನ ಜೀವಾಳ ನಾಲ್ಕೇ ಜನ: ಗಿಟಾರಿನಲ್ಲಿ ಜೆಫ್ಸ್, ಚೆಲ್ಲೊದಲ್ಲಿ ಲೀಬ್‌ಮನ್, ವಯಲಿನ್ನಿನಲ್ಲಿ ಗ್ಯಾವಿನ್ ರೈಟ್, ಎಲೆಕ್ಟ್ರಿಕ್ ಪಿಯಾನೊದಲ್ಲಿ ಸ್ಟೀವ್ ನೈ. ಆಲ್ಬಮ್ಮಿನಲ್ಲಿ ಇವರನ್ನು ಪೆಂಗ್ವಿನ್ ಕೆಫೆ ಕ್ವಾರ್ಟೆಟ್ ಎಂದೇ ಕರೆದಿದೆ. ‘ಝಾಫ್’ ಎಂಬ ಭಾಗಕ್ಕೆ ಮಾತ್ರ ಇನ್ನಿಬ್ಬರು ಸೇರುತ್ತಾರೆ: ಪುಟ್ಟ ಗಿಟಾರಿನಂಥ ಯುಕುಲೇಲಿ ಹಿಡಿದ ನೀಲ್ ರೆನಿ ಮತ್ತು ದನಿ ಕೊಟ್ಟ ಎಮಿಲಿ ಯಂಗ್.

ಜೆಫ್ಸ್ ಗಿಟಾರ್ ಒಂದಕ್ಕೇ ಅಂಟಿಕೊಂಡವರಲ್ಲ. ಬೇಸ್ ಗಿಟಾರ್, ಯುಕುಲೇಲಿ, ನಾಲ್ಕು ತಂತಿಯ ಕ್ವಾಟ್ರೊ, ಹಳೆಯ ಕಾಲದ ಪುಟ್ಟ ಕೀಲಿಮಣೆ ವಾದ್ಯ ಸ್ಪಿನೆಟ್, ಸ್ವರವನ್ನು ಲೋಹದ ದನಿಯಂತೆ ತಿರುಚುವ ರಿಂಗ್ ಮಾಡ್ಯುಲೇಟರ್, ಎಲ್ಲವೂ ಅವರ ಕೈಯಲ್ಲಿವೆ. ಡ್ರಮ್ಸ್ ನುಡಿಸುವವರು ಪಟ್ಟಿಯಲ್ಲೇ ಇಲ್ಲ. ಲಯವನ್ನು ಹೊತ್ತು ನಡೆಯುವುದು ತಂತಿ ವಾದ್ಯಗಳ ಮೀಟು.

ಇದನ್ನು ಚೇಂಬರ್ ಮ್ಯೂಸಿಕ್ ಅನ್ನಬಹುದೇ? ಎಲೆಕ್ಟ್ರಿಕ್ ಗಿಟಾರ್ ಇದೆಯಲ್ಲ?

ಅನ್ನಬಹುದು. ಚೇಂಬರ್ ಸಂಗೀತವನ್ನು ತೀರ್ಮಾನಿಸುವುದು ವಾದ್ಯಗಳ ಪಟ್ಟಿಯಲ್ಲ, ನುಡಿಸುವವರ ನಡುವಿನ ಸಂಬಂಧ. ಕೈಬೆರಳಲ್ಲಿ ಎಣಿಸುವಷ್ಟು ಜನ, ಒಬ್ಬೊಬ್ಬರಿಗೂ ಒಂದೊಂದು ಭಾಗ, ಕೋಲು ಹಿಡಿದು ನಡೆಸುವ ನಿರ್ದೇಶಕನಿಲ್ಲ, ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಂಡೇ ಮುಂದೆ ಹೋಗಬೇಕು. ನಮ್ಮಲ್ಲಿ ಮನೆಯ ಹಜಾರದಲ್ಲಿ ಜಮಖಾನೆ ಹಾಸಿ ಹತ್ತಿಪ್ಪತ್ತು ಜನರ ಎದುರು ನಡೆಯುವ ಕಛೇರಿಗೆ ಇರುವ ಆಪ್ತತೆ ಇದಕ್ಕೂ ಇದೆ.

ಜೆಫ್ಸ್ ತಮ್ಮ ಸಂಗೀತವನ್ನು ಆಧುನಿಕವಾದ, ಅರೆ ಅಕೌಸ್ಟಿಕ್ ಆದ ಚೇಂಬರ್ ಸಂಗೀತ ಎಂದು ಹೇಳಿಕೊಳ್ಳುತ್ತಿದ್ದರು. ಇದಕ್ಕಿಂತ ನೇರವಾದ ವಿವರಣೆ ನನಗೆ ಬೇರೆ ಸಿಕ್ಕಿಲ್ಲ. ಇದನ್ನು ‘ಪರ್ಯಾಯ’ ಚೇಂಬರ್ ಸಂಗೀತ ಎನ್ನುವುದಾದರೆ, ಆ ಮಾತು ಸೇರಿಕೊಳ್ಳುವುದು ಅವರು ಬಿಟ್ಟುಬಂದ ದಾರಿಗಳಿಂದ. ಕ್ಲಾಸಿಕಲ್ ಗಿಟಾರ್ ಅಭ್ಯಾಸ ಮಾಡಿದವರು ಅವರು. ಆ ಲೋಕದ ಕಟ್ಟುಪಾಡು ಉಸಿರುಗಟ್ಟಿಸಿತು. ರಾಕ್ ಕಡೆ ನೋಡಿದರೆ ಅಲ್ಲಿಯೂ ಬೇರೆ ಬಗೆಯ ಇಕ್ಕಟ್ಟು. ಆ ಹೊತ್ತಿಗೆ ಕೈಗೆ ಬಂದದ್ದು ಸ್ನೇಹಿತರೊಬ್ಬರ ಬಳಿಯಿದ್ದ ಆಫ್ರಿಕಾದ ಸಂಗೀತದ ಕ್ಯಾಸೆಟ್. ಮನುಷ್ಯರು ಸಂಗೀತವನ್ನು ಯಾಕೆ ನುಡಿಸುತ್ತಾರೆ ಎಂಬ ಮೂಲ ಪ್ರಶ್ನೆಗೆ ಅದು ಅವರನ್ನು ವಾಪಸು ಕರೆತಂದಿತು.

ಪೆಂಗ್ವಿನ್ ಎಲ್ಲಿಂದ ಬಂತು?

ಕೆಟ್ಟುಹೋದ ಮೀನಿನಿಂದ. 1972ರಲ್ಲಿ ಜೆಫ್ಸ್ ದಕ್ಷಿಣ ಫ್ರಾನ್ಸಿಗೆ ಹೋಗಿದ್ದರು. ಅಲ್ಲಿ ತಿಂದ ಮೀನು ವಿಷವಾಗಿ ಜ್ವರದಲ್ಲಿ ಮಲಗಿದರು. ಆ ಮಂಪರಿನಲ್ಲಿ ಒಂದು ಕಟ್ಟಡ ಕಂಡಿತು. ಎಲ್ಲರನ್ನೂ ಎಲ್ಲ ಹೊತ್ತಿನಲ್ಲೂ ನೋಡುತ್ತಿರುವ ಒಂದು ಕಣ್ಣು ಅಲ್ಲಿತ್ತು. ಒಂದು ಕೋಣೆಯಲ್ಲಿ ಕನ್ನಡಿಯನ್ನೇ ನೋಡುತ್ತಿರುವ ಒಬ್ಬರು. ಇನ್ನೊಂದರಲ್ಲಿ ಕೂಡುತ್ತಿರುವ ಜೋಡಿ, ನಡುವೆ ಪ್ರೀತಿ ಮಾತ್ರ ಇಲ್ಲ. ಮತ್ತೊಂದರಲ್ಲಿ ಹೆಡ್‌ಫೋನ್ ಹಾಕಿಕೊಂಡು ಸಿಂಥಸೈಜರುಗಳ ಸಾಲಿನ ಮುಂದೆ ಕೂತ ಸಂಗೀತಗಾರ, ಆದರೆ ಅಲ್ಲಿ ಸದ್ದೇ ಇಲ್ಲ. ಯಾರನ್ನೂ ಕಟ್ಟಿಹಾಕಿಲ್ಲ, ಎಲ್ಲರೂ ತಂತಮ್ಮ ಕೆಲಸದಲ್ಲಿ ಮುಳುಗಿದ್ದಾರೆ. ಆದರೂ ಪ್ರತಿಯೊಬ್ಬರೂ ತಮ್ಮೊಳಗೇ ಸುತ್ತುತ್ತಿದ್ದಾರೆ.

ಒಂದೆರಡು ದಿನ ಕಳೆದು, ಚೇತರಿಸಿಕೊಂಡು ಸಮುದ್ರ ದಂಡೆಯಲ್ಲಿ ಬಿಸಿಲು ಕಾಯಿಸುತ್ತಿದ್ದಾಗ ಒಂದು ಕವಿತೆ ತಾನಾಗಿ ಬಾಯಿಗೆ ಬಂತು. ಅದರಲ್ಲಿ ಮಾತಾಡುವವನು ಪೆಂಗ್ವಿನ್ ಕೆಫೆಯ ಮಾಲೀಕ. ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಹೇಳುತ್ತೇನೆ ಎನ್ನುತ್ತಾನೆ. ಬದುಕಿನಲ್ಲಿ ಆಕಸ್ಮಿಕ, ಅನಿರೀಕ್ಷಿತ, ತರ್ಕಕ್ಕೆ ಸಿಗದ ಸಂಗತಿಗಳು ಬಹಳ ಅಮೂಲ್ಯ. ಎಲ್ಲವೂ ಅಚ್ಚುಕಟ್ಟಾಗಿರಲಿ ಎಂದು ಅವನ್ನು ಅದುಮಿಬಿಟ್ಟರೆ ಮುಖ್ಯವಾದದ್ದೇ ಸತ್ತುಹೋಗುತ್ತದೆ ಎಂಬುದು ಅದರ ಸಾರ. ಆ ಕೆಫೆಯಲ್ಲಿ ಯಾರೂ ಭಯಪಡದೆ ತಾವಿದ್ದಂತೆ ಇರಬಹುದು.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬಹುಪಾಲು ಜನ ಎರಡನೆಯ ಅರ್ಧವನ್ನಷ್ಟೇ ಹೇಳಿ, ಕೆಫೆಯ ಬಾಗಿಲಲ್ಲಿ ನಿಂತುಬಿಡುತ್ತಾರೆ. ಈ ಆಲ್ಬಂ ಅರ್ಥವಾಗಬೇಕಾದರೆ ಮೊದಲ ಅರ್ಧ, ಆ ಸದ್ದಿಲ್ಲದ ಕಟ್ಟಡ, ಅದೂ ಅಷ್ಟೇ ಮುಖ್ಯ.

ಮೊದಲ ಟ್ರ್ಯಾಕಿನ ನಡುವೆ ಕರ್ಕಶ ಸದ್ದು ಬರುತ್ತದೆ. ನನ್ನ ಪ್ರತಿಯಲ್ಲಿ ಏನಾದರೂ ದೋಷವೇ?

ದೋಷವಿಲ್ಲ. ‘ಪೆಂಗ್ವಿನ್ ಕೆಫೆ ಸಿಂಗಲ್’ ಇರುವುದೇ ಹಾಗೆ. ಆರು ನಿಮಿಷ ಮೀರಿದ ಈ ರಚನೆ ಲವಲವಿಕೆಯಿಂದ ಶುರುವಾಗುತ್ತದೆ. ಎರಡನೇ ಸಲ ಕೇಳುವಷ್ಟರಲ್ಲಿ ಗುನುಗಲು ಬರುವಂಥ ರಾಗ. ಎಲ್ಲ ಸರಿಯಾಗಿ ಸಾಗುತ್ತಿದೆ ಅನ್ನುವಾಗ ಕಮಾನುಗಳು ತಂತಿಯನ್ನು ಗೀರತೊಡಗುತ್ತವೆ, ಸ್ವರಗಳು ಒಂದರ ಮೇಲೊಂದು ಕುಸಿಯುತ್ತವೆ. ಆಮೇಲೆ ರಾಗ ವಾಪಸು ಬರುತ್ತದೆ, ಏನೂ ಆಗಿಲ್ಲವೆಂಬಂತೆ.

ಈ ಭಾಗ ಬಂದಾಗ ಮುಂದಕ್ಕೆ ಓಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಕುಸಿತವನ್ನು ಹಾದು ಬಂದ ಕಿವಿಗೆ ಅದೇ ರಾಗ ಬೇರೆಯಾಗಿ ಕೇಳುತ್ತದೆ. ಮೊದಲು ಅದು ಬರೀ ಚೆಂದ. ಎರಡನೇ ಸಲ ಬರುವಾಗ ಎಲ್ಲಿಂದಲೋ ಬದುಕಿ ಬಂದ ನಿರಾಳ ಅದಕ್ಕೆ ಸೇರಿರುತ್ತದೆ. ಜೆಫ್ಸ್ ಜ್ವರದಲ್ಲಿ ಕಂಡ ಕಟ್ಟಡಕ್ಕೂ ದಂಡೆಯ ಬಿಸಿಲಿಗೂ ಇರುವ ದೂರವನ್ನು ನಾನು ಈ ಆರು ನಿಮಿಷದಲ್ಲಿ ಕೇಳುತ್ತೇನೆ.

‘ಝಾಫ್’ ಒಂದು ಹಾಡೇ, ಏಳು ಹಾಡೇ?

ಏಳು ಬಿಡಿ ತುಣುಕುಗಳ ಒಂದು ಮಾಲೆ. ‘ಫ್ರಮ್ ದಿ ಕಾಲನೀಸ್’, ‘ಇನ್ ಎ ಸಿಡ್ನಿ ಮೋಟೆಲ್’, ‘ಸರ್ಫೇಸ್ ಟೆನ್ಷನ್’, ‘ಮಿಲ್ಕ್’, ‘ಕಾರೊನೇಷನ್’, ‘ಜೈಲ್ಸ್ ಫಾರ್ನಬೀಸ್ ಡ್ರೀಮ್’, ‘ಪಿಗ್‌ಟೇಲ್’. ಯಾವುದೂ ಮೂರು ನಿಮಿಷ ಮುಟ್ಟುವುದಿಲ್ಲ.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಾಲದೇಶಗಳೇ ಬದಲಾಗುತ್ತವೆ. ‘ಸರ್ಫೇಸ್ ಟೆನ್ಷನ್’ ನಿಂತ ನೀರಿನಷ್ಟು ನಿಧಾನ. ಅದಾದ ಕೂಡಲೇ ‘ಮಿಲ್ಕ್’, ತಿರುಚಿದ ದನಿಯ, ಕೊಂಚ ಹೆದರಿಸುವ ತುಣುಕು. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಇದೇ ಇಷ್ಟವಾದರೂ ಆಗಬಹುದು. ಜೈಲ್ಸ್ ಫಾರ್ನಬಿ ಕಾಲ್ಪನಿಕ ಹೆಸರಲ್ಲ. 1640ರಲ್ಲಿ ತೀರಿಕೊಂಡ ಇಂಗ್ಲಿಷ್ ಸಂಯೋಜಕ. ಕೀಲಿಮಣೆ ವಾದ್ಯಕ್ಕೆ ಕನಸಿನ ಹೆಸರಿಟ್ಟು ಅವರು ಬರೆದ ಒಂದು ಪುಟ್ಟ ರಚನೆ ಫಿಟ್ಜ್‌ವಿಲಿಯಂ ವರ್ಜಿನಲ್ ಬುಕ್ ಎಂಬ ಹಳೆಯ ಹಸ್ತಪ್ರತಿಯಲ್ಲಿದೆ. ಜೆಫ್ಸ್ ಅವರನ್ನು ನೆನೆಯುವ ಬಗೆಯಲ್ಲಿ ವಿದ್ವಾಂಸರ ಗಾಂಭೀರ್ಯವಿಲ್ಲ. ತಂತಿಗಳನ್ನು ಜೋರಾಗಿ ಮೀಟುತ್ತಾ, ಕುಣಿಸುತ್ತಾ, ಮುನ್ನೂರು ವರ್ಷ ಹಿಂದಿನವರನ್ನು ಊಟಕ್ಕೆ ಕರೆದ ಹಾಗೆ ಒಳಗೆ ಕರೆದುಕೊಳ್ಳುತ್ತಾರೆ. ತಂಡಕ್ಕೆ ಮುಂದೆ ಒದಗಿಬಂದ ಹಗುರ ನಡಿಗೆ ಮೊದಲು ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಎರಡನೇ ಬದಿಯ ಆ ಉದ್ದ ಹೆಸರಿನ ರಚನೆ?

‘ದಿ ಸೌಂಡ್ ಆಫ್ ಸಮ್‌ಒನ್ ಯು ಲವ್ ಹೂಸ್ ಗೋಯಿಂಗ್ ಅವೇ ಆ್ಯಂಡ್ ಇಟ್ ಡಸಂಟ್ ಮ್ಯಾಟರ್’. ಪ್ರೀತಿಸಿದವರು ದೂರ ಹೋಗುತ್ತಿದ್ದಾರೆ, ಆದರೂ ಪರವಾಗಿಲ್ಲ, ಆ ಹೊತ್ತಿನ ಸದ್ದು ಇದು. ಹನ್ನೊಂದು ನಿಮಿಷ ದಾಟುವ ಈ ರಚನೆಯೇ ಆಲ್ಬಮ್ಮಿನ ಎದೆ ಎನ್ನುವುದು ನನ್ನ ಎಣಿಕೆ.

ಶುರುವಿನಲ್ಲಿ ಮೃದು. ನಂತರ ಸ್ವರಗಳ ನಡುವೆ ಬಿರುಕು ಬಿಡುತ್ತಾ ಹೋಗುತ್ತದೆ. ಪರವಾಗಿಲ್ಲ ಎನ್ನುವ ಮಾತು ನಿಜವೋ, ಹೇಳಿಕೊಂಡ ಸಮಾಧಾನವೋ ಎಂದು ಕೇಳುಗರು ಅನುಮಾನಿಸುವಷ್ಟು ಹೊತ್ತು ಜೆಫ್ಸ್ ನಮ್ಮನ್ನು ಅಲ್ಲೇ ನಿಲ್ಲಿಸುತ್ತಾರೆ. ಲೀಬ್‌ಮನ್ ಚೆಲ್ಲೊ ಇಲ್ಲಿ ಮಾಡುವ ಕೆಲಸಕ್ಕೆ ಬೇರೆಯಾಗಿಯೇ ಕಿವಿ ಕೊಡಿ. ವಯಲಿನ್ ಅಳಲು ಹೊರಟಾಗಲೆಲ್ಲ ಕೆಳಗಿನಿಂದ ಅದನ್ನು ಹಿಡಿದು ನಿಲ್ಲಿಸುವುದು ಆ ದನಿ.

ಇದರ ಹಿಂದೆಯೇ ಬರುವ ‘ಹ್ಯೂಜ್‌ಬೇಬಿ’ ತೂಗುವಂಥ ರಚನೆ. ಇವೆರಡನ್ನೂ ಬಿಡಿಸದೆ ಒಟ್ಟಿಗೆ ಕೇಳಬೇಕು. ಕೊನೆಯ ‘ಚಾರ್ಟರ್ಡ್ ಫ್ಲೈಟ್’ ತುಣುಕಿನಿಂದ ತುಣುಕಿಗೆ ಹಾರುತ್ತದೆ. ಮೂರರಲ್ಲಿ ನನಗೆ ಕಡಿಮೆ ಹಿಡಿಸಿದ್ದು ಅದೇ. ಒಳ್ಳೊಳ್ಳೆಯ ರಾಗಗಳಿವೆ, ಅವು ಒಂದಾಗುವುದಿಲ್ಲ.

ಬ್ರಯಾನ್ ಈನೊ ಇದರಲ್ಲಿ ನುಡಿಸಿದ್ದಾರೆಯೇ?

ಇಲ್ಲ. ಅವರ ಹೆಸರಿರುವುದು ಕಾರ್ಯಕಾರಿ ನಿರ್ಮಾಪಕರಾಗಿ. ಸಂಗೀತ ರೂಪಿಸಿದವರು, ನಿರ್ಮಿಸಿದವರು ಜೆಫ್ಸ್. ಆದರೆ ಈನೊ ಇಲ್ಲದಿದ್ದರೆ ಈ ಆಲ್ಬಂ 1976ರಲ್ಲಿ ಯಾವ ಅಂಗಡಿಯ ಯಾವ ಕಪಾಟಿಗೆ ಸೇರುತ್ತಿತ್ತು ಹೇಳುವುದು ಕಷ್ಟ. ಅಬ್ಸ್ಕ್ಯೂರ್ 1975ರಿಂದ 1978ರ ನಡುವೆ ಹೊರತಂದದ್ದು ಹತ್ತೇ ಆಲ್ಬಂ. ಸಂಯೋಜಕರಾದ ಗ್ಯಾವಿನ್ ಬ್ರೈಯರ್ಸ್, ಮೈಕೆಲ್ ನೈಮನ್, ಹೆರಾಲ್ಡ್ ಬಡ್, ಅಮೆರಿಕದ ಜಾನ್ ಆ್ಯಡಮ್ಸ್ ಅವರ ಆರಂಭದ ಕೆಲಸಗಳು ಆ ಹತ್ತರಲ್ಲಿವೆ. ಪೆಂಗ್ವಿನ್ ಕೆಫೆಯದು ಏಳನೆಯದು. ಆ ಸಾಲಿನಲ್ಲಿ ಪ್ರಯೋಗವೆಂದರೆ ಬಹುಮಟ್ಟಿಗೆ ನಿಶ್ಚಲತೆ, ಪುನರಾವರ್ತನೆ, ನಿಯಮಗಳ ಆಟ. ಅಷ್ಟು ಜನರ ನಡುವೆ ಕಾಲು ಕುಣಿಸುವ ರಾಗ ಹಿಡಿದುಕೊಂಡು ಬಂದವರು ಇವರು.

ಮುಖಪುಟ ಎರಡು ಬಗೆಯಲ್ಲಿ ಕಾಣುತ್ತದೆ. ಅಸಲಿ ಯಾವುದು?

ಎರಡೂ ಅಸಲಿಯೇ. ಮೊದಲ ಮುದ್ರಣಕ್ಕೆ ಅಬ್ಸ್ಕ್ಯೂರ್ ಸರಣಿಯ ಕಪ್ಪು ಹೊದಿಕೆ. ಕಟ್ಟಡಗಳ ಒಂದೇ ಚಿತ್ರವನ್ನು ಕತ್ತಲಲ್ಲಿ ಮುಚ್ಚಿ, ಒಂದೊಂದು ಆಲ್ಬಮ್ಮಿಗೆ ಒಂದೊಂದು ಭಾಗವನ್ನಷ್ಟೇ ತೋರಿಸಿದ ಸರಣಿ ಅದು. ಮುಂದೆ ಎಡಿಷನ್ಸ್ ಈಜಿ ಎಂಬ ಕಂಪನಿ ಮರುಮುದ್ರಿಸಿದಾಗ ಎಮಿಲಿ ಯಂಗ್ ಬರೆದ ಚಿತ್ರ ಬಂತು: ಮನುಷ್ಯರ ಮೈ, ಪೆಂಗ್ವಿನ್ ತಲೆ. ಇಂದು ಎಲ್ಲರ ಮನಸ್ಸಿನಲ್ಲಿರುವುದು ಆ ಚಿತ್ರವೇ. ಮುಂದಿನ ಆಲ್ಬಂಗಳಲ್ಲೂ ಆ ಪೆಂಗ್ವಿನ್ ಮಂದಿ ಕಾಣಸಿಗುತ್ತಾರೆ.

ಎಮಿಲಿ ಯಂಗ್ ನಂತರ ಕಲ್ಲಿನ ಶಿಲ್ಪಕ್ಕೆ ಹೊರಳಿ ದೊಡ್ಡ ಹೆಸರು ಮಾಡಿದರು. ಅವರ ಅಜ್ಜಿ ಕ್ಯಾಥ್ಲೀನ್ ಸ್ಕಾಟ್ ಕೂಡ ಶಿಲ್ಪಿ. ಕ್ಯಾಥ್ಲೀನರ ಮೊದಲ ಪತಿ, 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಹಿಮದಲ್ಲಿ ಪ್ರಾಣಬಿಟ್ಟ ಕ್ಯಾಪ್ಟನ್ ಸ್ಕಾಟ್. ಪೆಂಗ್ವಿನ್‌ಗಳ ನಾಡಿನೊಂದಿಗೆ ಈ ಮನೆತನಕ್ಕೆ ಹೀಗೊಂದು ನಂಟಿದೆ. ತಂಡದ ಹೆಸರು ಬಂದದ್ದು ಅದರಿಂದಲ್ಲ, ಆದರೆ ಆಕಸ್ಮಿಕವನ್ನು ಇಷ್ಟು ನಂಬಿದ ತಂಡದ ಬಗ್ಗೆ ಹೇಳುವಾಗ ಇದನ್ನು ಬಿಟ್ಟುಬಿಡಲು ಮನಸ್ಸಾಗುವುದಿಲ್ಲ.

ಆಲ್ಬಂ ಬಂದಾಗ ಇವರು ವೇದಿಕೆ ಮೇಲೆ ನುಡಿಸಿದರೇ?

1976ರ ಅಕ್ಟೋಬರ್ 10ರಂದು, ಲಂಡನ್ನಿನ ರೌಂಡ್‌ಹೌಸ್‌ನಲ್ಲಿ. ಅದು ಅವರ ಮೊದಲ ದೊಡ್ಡ ಕಾರ್ಯಕ್ರಮ. ಅಂದಿನ ಮುಖ್ಯ ತಂಡ ಜರ್ಮನಿಯ ಕ್ರಾಫ್ಟ್‌ವರ್ಕ್. ಅವರಿಗಿಂತ ಮುಂಚೆ ನುಡಿಸಲು ಇವರಿಗೆ ಅವಕಾಶ ಸಿಕ್ಕಿತ್ತು.

ಸಿಂಥಸೈಜರುಗಳ ಸಾಲಿನ ಮುಂದೆ ಸದ್ದಿಲ್ಲದೆ ಕೂತ ಸಂಗೀತಗಾರನನ್ನು ಕನಸಿನಲ್ಲಿ ಕಂಡು ಬೆದರಿದ ಮನುಷ್ಯ, ಸಿಂಥಸೈಜರುಗಳ ಹಿಂದೆ ಸಾಲಾಗಿ ನಿಲ್ಲುವ ತಂಡದೊಂದಿಗೆ ವೇದಿಕೆ ಹಂಚಿಕೊಂಡರು. ಇದರಲ್ಲಿ ವಿರೋಧಾಭಾಸವಿದೆ ಎಂದು ನನಗನ್ನಿಸುವುದಿಲ್ಲ. ಜೆಫ್ಸ್‌ಗೆ ಯಂತ್ರದ ಮೇಲೆ ಹಗೆ ಇರಲಿಲ್ಲ. ಇದೇ ಆಲ್ಬಮ್ಮಿನಲ್ಲಿ ರಿಂಗ್ ಮಾಡ್ಯುಲೇಟರ್ ಬಳಸಿದ್ದಾರೆ, ಮುಂದಿನ ಆಲ್ಬಮ್ಮಿನಲ್ಲಿ ಟೆಲಿಫೋನಿನ ರಿಂಗ್ ಸದ್ದಿಗೆ ರಬ್ಬರ್ ಬ್ಯಾಂಡ್ ಮೀಟಿ ರಚನೆಯನ್ನೇ ಮಾಡಿದರು. ಅವರ ಭಯ ಇದ್ದದ್ದು ತನ್ನ ಹೆಡ್‌ಫೋನಿನೊಳಗೇ ಮುಚ್ಚಿಕೊಂಡ ಮನುಷ್ಯನ ಬಗ್ಗೆ.

‘ಮ್ಯೂಸಿಕ್ ಫಾರ್ ಎ ಫೌಂಡ್ ಹಾರ್ಮೋನಿಯಂ’, ‘ಪರ್ಪೆಚುಯಂ ಮೊಬೀಲೆ’ ಇದರಲ್ಲಿವೆಯೇ?

ಇಲ್ಲ. ಮೊದಲನೆಯದು ಇದೇ ತಂಡದ 1984ರ ‘ಬ್ರಾಡ್‌ಕಾಸ್ಟಿಂಗ್ ಫ್ರಮ್ ಹೋಮ್’ನಲ್ಲಿದೆ, ಎರಡನೆಯದು 1987ರ ‘ಸೈನ್ಸ್ (Signs) ಆಫ್ ಲೈಫ್’ನಲ್ಲಿ. ಹಾರ್ಮೋನಿಯಂ ಕಥೆ ನಮ್ಮವರಿಗೆ ತುಂಬ ಹಿಡಿಸುತ್ತದೆ. 1982ರಲ್ಲಿ ಜಪಾನಿನ ಕ್ಯೋಟೊದಲ್ಲಿ ಯಾರೋ ಬಿಟ್ಟುಹೋಗಿದ್ದ ಹಾರ್ಮೋನಿಯಂ ಒಂದು ಜೆಫ್ಸ್‌ಗೆ ಬೀದಿಯಲ್ಲಿ ಸಿಕ್ಕಿತು. ಅದರ ಮೇಲೆ ಹುಟ್ಟಿದ ರಾಗವನ್ನು ಪ್ಯಾಟ್ರಿಕ್ ಸ್ಟ್ರೀಟ್‌ನಂಥ ತಂಡಗಳು ಐರಿಷ್ ಜನಪದದ ಶೈಲಿಯಲ್ಲಿ ನುಡಿಸಿದವು, ಇವತ್ತು ಅದನ್ನು ಐರ್ಲೆಂಡಿನ ಹಳೆಯ ಕುಣಿತದ ರಾಗವೆಂದೇ ನಂಬಿದವರಿದ್ದಾರೆ. ಪೇಟಿ ಇಲ್ಲದೆ ಕಂಪನಿ ನಾಟಕವೇ ಇಲ್ಲ ಎನ್ನುವ ನಾಡಿನವರಿಗೆ ಆ ವಾದ್ಯ ಬೀದಿಯಲ್ಲಿ ಅನಾಥವಾಗಿ ಸಿಕ್ಕಿತೆಂದರೆ ಕರುಳು ಚುರ್ ಎನ್ನುತ್ತದೆ.

ಹಾಗಾದರೆ ಮೊದಲ ಆಲ್ಬಮ್ಮಿನಿಂದಲೇ ಯಾಕೆ ಶುರು ಮಾಡಬೇಕು? ನಂತರದವು ಇನ್ನೂ ಚೆನ್ನಾಗಿವೆ ಅನ್ನುತ್ತಾರಲ್ಲ?

ನಂತರದವು ಹೆಚ್ಚು ಹಿತವಾಗಿವೆ, ಹೆಚ್ಚು ನಯವಾಗಿವೆ, ಹೆಚ್ಚು ಜನರನ್ನು ತಲುಪಿವೆ. 1981ರ ಎರಡನೇ ಆಲ್ಬಮ್ಮಿನ ಹೊತ್ತಿಗೆ ತಂಡ ಬೆಳೆದಿತ್ತು, ಕ್ಯಾರವಾನ್ ತಂಡದ ಜೆಫ್ರಿ ರಿಚರ್ಡ್‌ಸನ್ ಸೇರಿದ್ದರು, ಜಿಂಬಾಬ್ವೆಯ ಸಾಂಪ್ರದಾಯಿಕ ರಾಗವೊಂದು ಒಳಗೆ ಬಂದಿತ್ತು. ಮುಂದೆ ಬ್ಯಾಲೆಗೂ ಸಿನಿಮಾಕ್ಕೂ ಜಾಹೀರಾತಿಗೂ ಈ ಸಂಗೀತ ಹೋಯಿತು. 1988ರಲ್ಲಿ ಡೇವಿಡ್ ಬಿಂಟ್ಲಿ ಲಂಡನ್ನಿನ ರಾಯಲ್ ಬ್ಯಾಲೆಗಾಗಿ ಅಳಿವಿನಂಚಿನ ಪ್ರಾಣಿಗಳ ಬಗ್ಗೆ ‘ಸ್ಟಿಲ್ ಲೈಫ್ ಅಟ್ ದಿ ಪೆಂಗ್ವಿನ್ ಕೆಫೆ’ ಸಂಯೋಜಿಸಿದರು.

ಆದರೆ ಹಿತವಾದ ಸಂಗೀತ ಹಿತವಾಗಿ ಕೇಳಿಸಲು ಕಾರಣವೇನು ಎಂಬುದು ಮೊದಲ ಆಲ್ಬಮ್ಮಿನಲ್ಲಿ ಮಾತ್ರ ಬಯಲಾಗಿ ಕಾಣುತ್ತದೆ. ಕೆಫೆಯೂ ಆ ಕಟ್ಟಡವೂ ಒಟ್ಟಿಗೆ ಇರುವುದು ಇಲ್ಲಿ. ಮುಂದೆ ಜೆಫ್ಸ್ ಕಟ್ಟಡವನ್ನು ಹೊರಗಿಟ್ಟು ಬಾಗಿಲು ಹಾಕಿದರು. ಅದು ಅವರ ಹಕ್ಕು, ಅದರಿಂದ ಅದ್ಭುತವಾದ ರಚನೆಗಳು ಬಂದವು. ಬರೀ ಅವನ್ನಷ್ಟೇ ಕೇಳಿದವರು ಈ ತಂಡವನ್ನು ಹಿನ್ನೆಲೆಗೆ ಹಾಕಿಕೊಳ್ಳುವ ಚೆಂದದ ಸಂಗೀತ ಎಂದು ತೀರ್ಮಾನಿಸಿಬಿಡುತ್ತಾರೆ. ಅದು ಇವರಿಗೆ ಮಾಡುವ ಅನ್ಯಾಯ. ಚೊಚ್ಚಲ ಆಲ್ಬಂ ಕೇಳಿದವರಿಗೆ ‘ಪರ್ಪೆಚುಯಂ ಮೊಬೀಲೆ’ಯ ಸಂತೋಷ ಯಾವುದನ್ನು ದಾಟಿ ಬಂದದ್ದೆಂದು ಗೊತ್ತಿರುತ್ತದೆ.

ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಹಿಡಿಸುತ್ತದೆಯೇ?

ಹಿಡಿಸಬಹುದು. ಆಲಾಪನೆಯ ವಿಸ್ತಾರ, ಗಮಕದ ಸೂಕ್ಷ್ಮ ಇಲ್ಲಿ ಹುಡುಕಬೇಡಿ. ಪುಟ್ಟ ಪಲುಕೊಂದು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅಕ್ಕಪಕ್ಕದ ವಾದ್ಯ ಬದಲಾಗಿರುತ್ತದೆ. ನೆರವಲ್ ಕೇಳಿ ಅಭ್ಯಾಸವಿರುವವರಿಗೆ ಒಂದೇ ಸಾಲು ಮರಳಿ ಬಂದಾಗ ಬೇಸರವಾಗುವುದಿಲ್ಲ, ಏನು ಬದಲಾಯಿತು ಎಂದು ಕಿವಿ ತಾನಾಗಿ ಹುಡುಕುತ್ತದೆ. ಆ ತರಬೇತಿ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ.

ಮೊದಲ ಸಲಕ್ಕೆ ಹೆಡ್‌ಫೋನ್ ಬೇಡ. ಸ್ಪೀಕರಿನಲ್ಲಿ ಹಾಕಿ, ಮನೆಯವರು ಓಡಾಡಿಕೊಂಡಿರಲಿ.

ನುಡಿಸಿದವರು ಮುಂದೆ ಏನಾದರು?

ಸ್ಟೀವ್ ನೈ ಹೆಸರು ಮಾಡಿದ್ದು ಧ್ವನಿ ತಂತ್ರಜ್ಞರಾಗಿ, ನಿರ್ಮಾಪಕರಾಗಿ. ಜಪಾನ್ ಎಂಬ ಇಂಗ್ಲಿಷ್ ತಂಡದ 1981ರ ‘ಟಿನ್ ಡ್ರಮ್’ ಆಲ್ಬಂ ಅವರ ಕೈಯಲ್ಲಿ ರೂಪುಗೊಂಡದ್ದು. ಗ್ಯಾವಿನ್ ರೈಟ್ ಲಂಡನ್ನಿನ ಸಿನಿಮಾ ಧ್ವನಿಮುದ್ರಣಗಳಲ್ಲಿ ವಯಲಿನ್ ಬಳಗದ ಮುಂದಾಳಾದರು. ಜೆಫ್ಸ್ ಹೊರಗಿನ ಕೆಲಸವನ್ನೂ ಮಾಡುತ್ತಿದ್ದರು. ಪಂಕ್ ಗಾಯಕ ಸಿಡ್ ವಿಷಸ್ ಹಾಡಿದ ‘ಮೈ ವೇ’ಗೆ ತಂತಿವಾದ್ಯಗಳ ಸಂಯೋಜನೆ ಅವರದೇ ಎಂದರೆ ಅನೇಕರು ನಂಬುವುದಿಲ್ಲ.

ಜೆಫ್ಸ್ 1997ರ ಡಿಸೆಂಬರ್ 11ರಂದು ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ವಯಸ್ಸು 48.

ಈಗ ‘ಪೆಂಗ್ವಿನ್ ಕೆಫೆ’ ಎಂದು ಮಾತ್ರ ಇರುವ ತಂಡ ಇವರದೇ?

ಅದು ಸೈಮನ್ ಮತ್ತು ಎಮಿಲಿಯವರ ಮಗ ಆರ್ಥರ್ ಜೆಫ್ಸ್ 2009ರಲ್ಲಿ ಕಟ್ಟಿದ ತಂಡ. 2007ರಲ್ಲಿ, ಅಪ್ಪ ತೀರಿ ಹತ್ತು ವರ್ಷವಾದಾಗ, ಹಳೆಯ ಸದಸ್ಯರು ಲಂಡನ್ನಿನ ಯೂನಿಯನ್ ಚಾಪೆಲ್‌ನಲ್ಲಿ ಸೇರಿ ನುಡಿಸಿದ್ದರು, ಆರ್ಥರ್ ಅವರೊಂದಿಗಿದ್ದರು. ಹೊಸ ತಂಡದಲ್ಲಿ ಹಳಬರಿಲ್ಲ. ಅಪ್ಪನ ರಚನೆಗಳ ಜೊತೆಗೆ ಮಗನ ಸ್ವಂತ ರಚನೆಗಳಿವೆ. ಅವರ ಮೊದಲ ಆಲ್ಬಂ 2011ರಲ್ಲಿ ಬಂತು. ಹೆಸರಿನಿಂದ ಆರ್ಕೆಸ್ಟ್ರಾ ಎಂಬುದನ್ನು ತೆಗೆದದ್ದು ಸಭ್ಯವಾದ ನಿರ್ಧಾರ ಎಂದು ನನ್ನ ಭಾವನೆ.

ಇದಾದ ಮೇಲೆ ಏನು ಕೇಳಬೇಕು?

ಕ್ರಮವಾಗಿ ಹೋಗಿ: 1981, 1984, 1987, ಆಮೇಲೆ 1993ರ ‘ಯೂನಿಯನ್ ಕೆಫೆ’. ಸ್ಟುಡಿಯೊ ಆಲ್ಬಂ ಐದೇ ಇರುವುದರಿಂದ ಮುಗಿಯಲು ಹೆಚ್ಚು ದಿನ ಬೇಕಿಲ್ಲ. ನಡುವೆ ‘ವೆನ್ ಇನ್ ರೋಮ್’ ಸಿಗುತ್ತದೆ. ಹೆಸರು ನೋಡಿ ಇಟಲಿಯ ಕಛೇರಿ ಎಂದುಕೊಳ್ಳಬೇಡಿ, ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ 1987ರಲ್ಲಿ ಧ್ವನಿಮುದ್ರಿಸಿದ್ದು. ಅದರಲ್ಲಿ ‘ಜೈಲ್ಸ್ ಫಾರ್ನಬೀಸ್ ಡ್ರೀಮ್’ ಇದೆ. ಚೊಚ್ಚಲ ಆಲ್ಬಮ್ಮಿನ ಆವೃತ್ತಿಯನ್ನು ಒಮ್ಮೆ ಕೇಳಿ ಕೂಡಲೇ ಇದನ್ನು ಹಾಕಿ. ಅದೇ ರಾಗ, ಹನ್ನೊಂದು ವರ್ಷ ಊರೂರು ಸುತ್ತಿ ಬಂದ ತಂಡ.